ಅಂತಿಯೋಕ್ಯದ ಊಟದ ಪಂಕ್ತಿ

ಓದತಕ್ಕ ವೇದಭಾಗ: ಗಲಾತ್ಯದವರಿಗೆ 2:11–14, ಯಾಕೋಬನು 2:1–9.

ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಳಗಿಂದ ಬಂದ ಸಹೋದರರ ಸಂಗಡ ಕೂಡಿ ಊಟಮಾಡುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೆ ಅಂಜಿ ಬೇರೆಯಾದನು. ಅವನು ಯಾರನ್ನಾದರೂ ಬೈದನೆಂದು ಬರೆದಿಲ್ಲ; ಪಂಕ್ತಿಯಿಂದ ಹಿಂಜರಿದನು, ಅಷ್ಟೇ. ಆದರೂ ಪೌಲನು ಅದನ್ನು ಸಣ್ಣ ತಪ್ಪೆಂದು ಎಣಿಸದೆ ಎಲ್ಲರ ಮುಂದೆ ಅವನನ್ನು ಖಂಡಿಸಿದನು.

ಇಂಥ ಮೌನದ ಅವಮಾನವು ನಮ್ಮ ಸೀಮೆಯಲ್ಲಿಯೂ ಉಂಟು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರ ಕಾಯಿದೆಯು ಅದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿತು. ಬಾವಿಗೆ ಬರಬೇಡವೆಂದು ಬಾಯಿಬಿಟ್ಟು ತಡೆಯುವವನನ್ನು ಕಾಯಿದೆ ಹಿಡಿದೀತು. ಆದರೆ ಬಾಗಲಕೋಟೆಯಂಥ ಪಟ್ಟಣದಲ್ಲಿ ಬಾಡಿಗೆಮನೆ ಕೇಳಿದವನ ಅಡ್ಡಹೆಸರನ್ನು ವಿಚಾರಿಸಿ, "ನಿನ್ನೆಯೇ ಬೇರೆಯವರಿಗೆ ಕೊಟ್ಟೆವು" ಎಂದು ನಗುತ್ತಾ ಹೇಳುವವನನ್ನು ಹಿಡಿಯುವದು ಸುಲಭವೋ? ಹೊಲದ ಕೂಲಿಗೆ ಬಂದವಳಿಗೆ ತಂಬಿಗೆ ಕೊಡದೆ ಬೊಗಸೆಗೆ ನೀರು ಸುರಿಯುವದು, ಚೆನ್ನಾಗಿ ಓದಿದ ಹುಡುಗನಿಗೆ "ನೀನು ಆ ಕೇರಿಯವನ ಹಾಗೆ ಕಾಣುವದೇ ಇಲ್ಲ" ಎಂದು ಹೊಗಳುವದು, ಇವೂ ಪೇತ್ರನ ಹಿಂಜರಿಕೆಯಂಥವೇ.

ಹೇಳಿದವನು ಸಂಜೆಗೆ ಮರೆಯುವನು, ಕೇಳಿದವನು ಮರೆಯನು. ಚಹಾದ ಅಂಗಡಿಯಲ್ಲಿ ಯಾರೂ ತಡೆಯದಿದ್ದರೂ ಅವನು ಹೊರಗೇ ನಿಲ್ಲುವನು. ಅಡ್ಡಹೆಸರನ್ನು ನುಂಗಿ ಹೆಸರು ಹೇಳುವನು. ದೂರಿಕೊಂಡರೆ "ಇಷ್ಟಕ್ಕೇ ಇಷ್ಟು ಸಿಟ್ಟೇ?" ಅಂದಾರೆಂದು ಸುಮ್ಮನಾಗುವನು. ಹೀಗೆ ದೇವರ ಸ್ವರೂಪದಲ್ಲಿ ಉಂಟಾದ ಮನುಷ್ಯನು ತನ್ನನ್ನು ತಾನೇ ಹೀನನೆಂದು ಎಣಿಸಲಿಕ್ಕೆ ಕಲಿಯುವನು. ಈ ಪಾಪದಿಂದಾಗುವ ಗಾಯಗಳಲ್ಲಿ ಇದೇ ಎಲ್ಲಕ್ಕಿಂತ ಆಳವಾದದ್ದು.

ಇದು ಹೊರಗಿನವರ ಪಾಪವೆಂದು ನಾವು ನೆಮ್ಮದಿಯಿಂದಿರಬಾರದು. ಪೇತ್ರನು ಸಭೆಯ ಸ್ತಂಭಗಳಲ್ಲಿ ಒಬ್ಬನಲ್ಲವೇ? ಬಾದಾಮಿ ಸೀಮೆಯ ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನಿನವರು 1851ರಲ್ಲಿ ಠಾಣೆ ಹೂಡಿದರು. ಸುವಾರ್ತೆಯನ್ನು ಅಷ್ಟು ತಲೆಗಳಿಂದ ಕೇಳಿದ ಸೀಮೆಯಲ್ಲಿ, ಮದುವೆಯ ಮಾತು ಬಂದಾಗ "ಅವರು ಮೊದಲು ಯಾವ ಜನ?" ಎಂದು ಪಿಸುಗುಟ್ಟುವವರು ನಾವೇ. ಕರ್ತನ ಮೇಜಿನ ಬಳಿ ಒಂದಾಗಿ, ಮನೆಯ ಹೊಸ್ತಿಲಲ್ಲಿ ಬೇರೆಯಾಗುತ್ತೇವೆ.

ಇಳಕಲ್ಲಿನ ಸೀರೆಯನ್ನು ನೋಡಿರಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರನು ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಿದರೆ ಮಾತ್ರ ಅದು ಒಂದೇ ಸೀರೆ. ಕ್ರಿಸ್ತನು ನಮ್ಮನ್ನು ಹಾಗೆ ಕೂಡಿಸಿದ್ದಾನೆ. ಒಂದು ಎಳೆಯನ್ನೂ ನಾವು ಬಿಚ್ಚದೆ ಇರೋಣ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಪೇತ್ರನು ಯಾರಿಗೆ ಅಂಜಿದನು? ನಾವು ಯಾರಿಗೆ ಅಂಜುತ್ತೇವೆ?
2. ಈ ತಿಂಗಳಲ್ಲಿ ನಮ್ಮ ಯಾವ ಮಾತು ಅಥವಾ ಮೌನವು ಒಬ್ಬರನ್ನು ಕುಗ್ಗಿಸಿತು?
3. ಅವರ ಮನೆಗೆ ಹೋಗಿ, ಕ್ಷಮೆ ಬೇಡಿ, ಅವರ ಪಾತ್ರೆಯಿಂದಲೇ ನೀರು ಕುಡಿಯಲು ಸಿದ್ಧರಿದ್ದೇವೋ?