ತುದಿ ನೋಡಿ ಹೆಸರಿಡು, ತಂಗೀ

ರೇಖೆ, ರೇಖಾಖಂಡ, ಕಿರಣ ಅಂತ ಮೂರು ಹೆಸರು ಕಂಡ ಕೂಡಲೇ ವ್ಯಾಖ್ಯೆ ಬಾಯಿಪಾಠ ಮಾಡಲು ಕೂತಿದ್ದೀಯಲ್ಲ, ಅದನ್ನು ಸ್ವಲ್ಪ ಬದಿಗಿಡು. ನಮ್ಮ ಕೊಪ್ಪಳ ಜಿಲ್ಲೆಯ ನಕ್ಷೆ ಬಿಚ್ಚು, ಸ್ಕೇಲು ತಗೋ.

1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮಗಿದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ನಾಲ್ಕೂ ಊರಿಗೆ ಒಂದೊಂದು ಚುಕ್ಕಿ ಇಟ್ಟು ಕೊ, ಗ, ಕು, ಯ ಅಂತ ಬರೆ. ಈಗ ಕೊಪ್ಪಳದಿಂದ ಗಂಗಾವತಿಗೆ ನೇರ ಗೆರೆ ಎಳೆ. ಎರಡೂ ಕಡೆ ತುದಿ ಇದೆ, ಹಾಗಾಗಿ ಇದು ರೇಖಾಖಂಡ. ನಕ್ಷೆಯ ಪ್ರಮಾಣದಲ್ಲಿ ಅಳೆದರೆ ಸುಮಾರು 40 ಕಿ.ಮೀ. ಬಂದೀತು. ಮೂರರಲ್ಲಿ ಉದ್ದ ಅಳೆಯಲು ಬರುವುದು ಇದೊಂದರದ್ದೇ. ಇದನ್ನು ಕೊಗ ಎಂದರೂ ಸರಿ, ಗಕೊ ಎಂದರೂ ಸರಿ. ಅಕ್ಷರಗಳ ಮೇಲೆ ಬಾಣವಿಲ್ಲದ ಅಡ್ಡಗೆರೆ ಹಾಕು, ಸಾಕು.

ಮಕ್ಕಳು ಎಡವುವುದು ಕಿರಣದಲ್ಲಿ. ಕಿರಣ ಕೊಗ ಕೊಪ್ಪಳದಲ್ಲಿ ಹುಟ್ಟಿ, ಗಂಗಾವತಿಯನ್ನು ದಾಟಿ, ಪೂರ್ವಕ್ಕೆ ನಿಲ್ಲದೆ ಹೋಗುತ್ತದೆ. ಕಿರಣ ಗಕೊ ಗಂಗಾವತಿಯಲ್ಲಿ ಹುಟ್ಟಿ ಕೊಪ್ಪಳವನ್ನು ದಾಟಿ ಪಶ್ಚಿಮಕ್ಕೆ ಹೋಗುತ್ತದೆ. ಇವೆರಡೂ ಬೇರೆ ಬೇರೆ. ಮೊದಲ ಅಕ್ಷರ ಯಾವಾಗಲೂ ಹುಟ್ಟಿದ ಬಿಂದುವಿನದು. ಎರಡನೆಯದು ದಿಕ್ಕು ತೋರಿಸಲು ಮಾತ್ರ. ಇನ್ನೊಂದು ಮಾತು, ಚೆನ್ನಾಗಿ ನೆನಪಿಟ್ಟುಕೋ: ಗಕೊ ಚಿತ್ರದಲ್ಲಿ ಎಡಕ್ಕೆ ಹೋದರೂ, ಹೆಸರಿನ ಮೇಲಿನ ಬಾಣ ಬಲಕ್ಕೇ ಇರಬೇಕು. ಅದು ಅಕ್ಷರಗಳ ಕ್ರಮ ಹೇಳುತ್ತದೆಯೇ ಹೊರತು ಚಿತ್ರದ ದಿಕ್ಕನ್ನಲ್ಲ. ಪರೀಕ್ಷೆಯಲ್ಲಿ ಬಾಣವನ್ನು ಎಡಕ್ಕೆ ತಿರುಗಿಸಿ ಅಂಕ ಕಳಕೊಳ್ಳುವವರು ಬಹಳ.

ಸರಳ ರೇಖೆಗೆ ಎರಡು ಕಡೆಯೂ ತುದಿಯಿಲ್ಲ, ಆದ್ದರಿಂದ ಎರಡು ಕಡೆಯೂ ಬಾಣ.

ಗಿಣಿಗೇರಾದಿಂದ ಮಹಬೂಬನಗರಕ್ಕೆಂದು ಹೊರಟ ರೈಲು ಮಾರ್ಗ 2019ರಲ್ಲಿ ಗಂಗಾವತಿ ಮುಟ್ಟಿತು, ಆಮೇಲೆ ಕಾರಟಗಿ, ಸಿಂಧನೂರಿನ ಕಡೆ ಬೆಳೆಯಿತು. ಅದು ಕಿರಣವಲ್ಲವೇ ಅಂತ ನೀನು ಕೇಳಬಹುದು. ಒಳ್ಳೆಯ ಪ್ರಶ್ನೆ, ಆದರೆ ಅಲ್ಲವ್ವಾ. ಹಳಿ ಬಾಗುತ್ತದೆ, ಮಹಬೂಬನಗರದಲ್ಲಿ ಮುಗಿಯಲೂಬೇಕು. ಕಿರಣ ಬಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಅದನ್ನು ಕಾಗದದ ಮೇಲೆ ಪೂರ್ತಿ ಬರೆಯಲಾಗದು, ಅದಕ್ಕೇ ಬಾಣದ ಗುರುತು.

ಮತ್ತೆ ನಾಲ್ಕು ಚುಕ್ಕಿಗೆ ಬಾ. ಯಾವ ಮೂರು ಊರೂ ಒಂದೇ ಗೆರೆಯಲ್ಲಿಲ್ಲ. ಎರಡೆರಡು ಜೋಡಿಸಿದರೆ ಆರು ರೇಖಾಖಂಡ, ಅವುಗಳನ್ನು ಎರಡೂ ಕಡೆ ಬೆಳೆಸಿದರೆ ಆರು ರೇಖೆ. ಕಿರಣಗಳೋ ಹನ್ನೆರಡು, ಏಕೆಂದರೆ ಪ್ರತಿ ಜೋಡಿಯಲ್ಲೂ ಎರಡು ಕಡೆಯಿಂದ ಹೊರಡಬಹುದು. ಮೂರು ಚುಕ್ಕಿ ಒಂದೇ ಗೆರೆಯಲ್ಲಿದ್ದಿದ್ದರೆ ಖಂಡಗಳು ಆರೇ ಉಳಿದು ರೇಖೆಗಳು ನಾಲ್ಕಕ್ಕೆ ಇಳಿಯುತ್ತಿದ್ದವು. ಯಾಕೆ ಅಂತ ನೀನೇ ಬರೆದು ನೋಡು.

ಈಗ ಕುಕನೂರು, ಕನಕಗಿರಿ, ಕಾರಟಗಿಯೂ ತಾಲ್ಲೂಕುಗಳಾಗಿವೆ. ಏಳು ಚುಕ್ಕಿ ಇಟ್ಟು ರೇಖಾಖಂಡಗಳ ಹೆಸರು ಒಂದೊಂದಾಗಿ ಬರೆ. 21 ಆಗದಿದ್ದರೆ ಯಾವುದೋ ಜೋಡಿ ಬಿಟ್ಟಿರುತ್ತೀ, ಇಲ್ಲವೇ ಒಂದನ್ನೇ ತಿರುಗಿಸಿ ಎರಡು ಸಲ ಬರೆದಿರುತ್ತೀ.