ಟಾರು ಹಿಡಿದ ಮಣ್ಣನ್ನು ತೊಳೆದವರು ಯಾರು?

ನಿಮ್ಮ ಅಂಗಿಗೆ ಎಂದಾದರೂ ಡಾಂಬರು ಮೆತ್ತಿಕೊಂಡಿದೆಯೇ? ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಒಂದು ಅಂಗಿಯ ಪಾಡೇ ಹೀಗಾದರೆ, ಅಂಥದೇ ಕಪ್ಪು ಅಂಟು 50 ವರ್ಷ ಇಳಿದಿರುವ ಸುಮಾರು 20 ಎಕರೆ ನೆಲವನ್ನು ಶುದ್ಧ ಮಾಡುವುದು ಹೇಗೆ? ಅಮೆರಿಕದ ಸಿಯಾಟಲ್ ನಗರಕ್ಕೆ ಈ ಪ್ರಶ್ನೆ ನಿಜವಾಗಿಯೂ ಎದುರಾಗಿತ್ತು.

ಸಿಯಾಟಲ್ ನಗರದೊಳಗೆ ಯೂನಿಯನ್ ಎಂಬ ಸರೋವರವಿದೆ. ಅದರ ಉತ್ತರ ದಡದಲ್ಲಿ 1906ರಲ್ಲಿ ಒಂದು ಅನಿಲ ಕಾರ್ಖಾನೆ ಆರಂಭವಾಯಿತು. ಊರಿನ ದೀಪಗಳಿಗೆ, ಒಲೆಗಳಿಗೆ ಅಲ್ಲಿಂದ ಕೊಳವೆಗಳ ಮೂಲಕ ಅನಿಲ ಹೋಗುತ್ತಿತ್ತು. ಅದು ಇಂದು ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಬರುವ ಅನಿಲವಲ್ಲ. ಕಲ್ಲಿದ್ದಲನ್ನು ಗಾಳಿಯಾಡದ ಪಾತ್ರೆಯಲ್ಲಿಟ್ಟು ಬಹಳವಾಗಿ ಕಾಯಿಸಿದರೆ ಅದು ಉರಿದು ಬೂದಿಯಾಗುವುದಿಲ್ಲ. ಉರಿಯಬಲ್ಲ ಅನಿಲವನ್ನು ಹೊರಬಿಡುತ್ತದೆ. ಜೊತೆಗೆ ಕೋಲ್‌ಟಾರ್ ಎಂಬ ಕಪ್ಪು, ಅಂಟಾದ ದ್ರವವೂ ಬರುತ್ತದೆ. (ಈಗ ರಸ್ತೆಗೆ ಹಾಕುವ ಡಾಂಬರು ಪೆಟ್ರೋಲಿಯಂನಿಂದ ಸಿಗುವಂಥದು. ನೋಡಲು ಎರಡೂ ಒಂದೇ ಬಗೆ, ವಸ್ತು ಮಾತ್ರ ಬೇರೆ.) 1937ರಿಂದ ಕಲ್ಲಿದ್ದಲಿನ ಬದಲು ಎಣ್ಣೆಯಿಂದ ಅನಿಲ ತಯಾರಿಸತೊಡಗಿದರು. ಆಗಲೂ ಟಾರು ತಪ್ಪಲಿಲ್ಲ. ಮುಂದೆ ದೂರದ ಬಾವಿಗಳಿಂದ ನೈಸರ್ಗಿಕ ಅನಿಲ ಕೊಳವೆಯಲ್ಲೇ ಬಂದದ್ದರಿಂದ 1956ರಲ್ಲಿ ಕಾರ್ಖಾನೆ ಮುಚ್ಚಿತು. ಮೇಲೆ ತುಕ್ಕು ಹಿಡಿದ ಗೋಪುರಗಳು, ಕೆಳಗೆ ಎಣ್ಣೆ ಮತ್ತು ಟಾರು ಕುಡಿದ ಮಣ್ಣು. ಇಷ್ಟೇ ಉಳಿಯಿತು.

ನಗರದವರು ಆ ಜಾಗವನ್ನು ಕೊಂಡು ಉದ್ಯಾನ ಮಾಡಲು ನಿರ್ಧರಿಸಿದರು. 1970ರಲ್ಲಿ ಆ ಕೆಲಸ ರಿಚರ್ಡ್ ಹಾಗ್ ಎಂಬ ಉದ್ಯಾನ ವಿನ್ಯಾಸಕರ ಕೈಗೆ ಬಂತು. ಗೋಪುರಗಳನ್ನು ಕೆಡವಿ, ಮಣ್ಣನ್ನು ಅಗೆದು ಬೇರೆಡೆ ಸಾಗಿಸಿ ಎಂದು ಹೇಳುವುದು ಸುಲಭ. ಆದರೆ ಆ ಮಣ್ಣನ್ನು ಯಾರ ಊರಿನಲ್ಲಿ ಸುರಿಯಬೇಕು? ಹಾಗ್ ಬೇರೆ ದಾರಿ ಹಿಡಿದರು. ತೀರಾ ಕೆಟ್ಟ ಮಣ್ಣನ್ನು ಮಾತ್ರ ತೆಗೆಸಿದರು. ಉಳಿದುದರ ಶುದ್ಧೀಕರಣವನ್ನು ಕಣ್ಣಿಗೆ ಕಾಣದ ಕೆಲಸಗಾರರಿಗೆ ವಹಿಸಿದರು.

ಆ ಕೆಲಸಗಾರರು ಯಾರು ಗೊತ್ತೇ? ನಿಮ್ಮ ಮನೆಯ ತಿಪ್ಪೆಯಲ್ಲಿ ಇರುವವರೇ! ತಿಪ್ಪೆಗೆ ಹಾಕಿದ ಸೊಪ್ಪು, ಸಗಣಿ ಕೆಲವು ತಿಂಗಳಲ್ಲಿ ಗೊಬ್ಬರವಾಗುವುದು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ತಿನ್ನುವುದರಿಂದ. ಎಣ್ಣೆ ಮತ್ತು ಟಾರಿನಲ್ಲಿಯೂ ಇಂಗಾಲವಿದೆ. ಅದನ್ನು ಆಹಾರ ಮಾಡಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ ಇದ್ದೇ ಇರುತ್ತವೆ. ಆದರೆ ಬರೀ ಟಾರು ತಿಂದು ಅವು ಬದುಕಲಾರವು. ಅವಕ್ಕೆ ಸಾರಜನಕ ಬೇಕು, ತೇವ ಬೇಕು, ಆಮ್ಲಜನಕ ಬೇಕು. ಹಾಗಾಗಿ ಕೊಳಚೆ ನೀರನ್ನು ಶುದ್ಧೀಕರಿಸಿದಾಗ ಉಳಿಯುವ ಕೆಸರು ಮತ್ತು ಮರದ ಹೊಟ್ಟನ್ನು ಮಣ್ಣಿಗೆ ಬೆರೆಸಿದರು. ನಮ್ಮ ರೈತರು ಗೊಬ್ಬರ ಹಾಕಿ ಹೊಲ ಉಳುವಂತೆ ಆ ನೆಲವನ್ನು ಉತ್ತರು. ಉತ್ತಾಗ ಮಣ್ಣಿನೊಳಗೆ ಗಾಳಿ ಹೋಗುತ್ತದೆ.

ಗಾಳಿಗೆ ಅಷ್ಟು ಮಹತ್ವವೇ ಎನ್ನುವವರು ಇದನ್ನು ಮಾಡಿ ನೋಡಿ. ಎರಡು ಕುಂಡಗಳಲ್ಲಿ ತೋಟದ ಮಣ್ಣು ತುಂಬಿ, ಎರಡರಲ್ಲೂ ಬಾಳೆಹಣ್ಣಿನ ಸಿಪ್ಪೆಯ ಚೂರುಗಳನ್ನು ಹೂಳಿ. ಒಂದರ ಮಣ್ಣನ್ನು ಸ್ವಲ್ಪ ತೇವವಾಗಿಟ್ಟು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಇನ್ನೊಂದರಲ್ಲಿ ಕೆಳಗಿನ ತೂತು ಮುಚ್ಚಿ, ಮಣ್ಣಿನ ಮೇಲೆ ಸದಾ ನೀರು ನಿಲ್ಲುವಂತೆ ಮಾಡಿ. ಮೂರು ವಾರದ ನಂತರ ಎರಡನ್ನೂ ಅಗೆದು ಹೋಲಿಸಿ. ವಾಸನೆಯನ್ನೂ ಗಮನಿಸಿ! ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಸಿಯಾಟಲ್‌ನಲ್ಲಿ ನಿಧಾನವಾಗಿ ಹುಲ್ಲು ಚಿಗುರಿತು. ಒಡೆದ ಕಟ್ಟಡಗಳ ಅವಶೇಷವನ್ನು ರಾಶಿ ಹಾಕಿ, ಮೇಲೆ ಒಳ್ಳೆಯ ಮಣ್ಣು ಹೊದಿಸಿ ಒಂದು ಗುಡ್ಡ ಮಾಡಿದರು. ಅದರ ನೆತ್ತಿಯಲ್ಲಿ ಒಂದು ನೆರಳು ಗಡಿಯಾರವಿದೆ. ಅದರ ಮೇಲೆ ನೀವು ನಿಂತರೆ ನಿಮ್ಮ ನೆರಳೇ ಮುಳ್ಳು! 1975ರಲ್ಲಿ ಗ್ಯಾಸ್ ವರ್ಕ್ಸ್ ಪಾರ್ಕ್ ಜನರಿಗೆ ತೆರೆಯಿತು. ಹಳೆಯ ಗೋಪುರಗಳು ಇಂದಿಗೂ ಬೇಲಿಯೊಳಗೆ ನಿಂತಿವೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1984ರಲ್ಲಿ ಮಣ್ಣನ್ನು ಪರೀಕ್ಷಿಸಿದಾಗ ಅಪಾಯಕಾರಿ ವಸ್ತುಗಳು ಇನ್ನೂ ಇರುವುದು ತಿಳಿಯಿತು. ಉದ್ಯಾನವನ್ನು ಕೆಲವು ತಿಂಗಳು ಮುಚ್ಚಬೇಕಾಯಿತು.

ಏಕೆ ಹೀಗಾಯಿತು? ಟಾರು ಒಂದೇ ವಸ್ತುವಲ್ಲ, ನೂರಾರು ವಸ್ತುಗಳ ಮಿಶ್ರಣ. ಅದರಲ್ಲಿ ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ಉಂಗುರದಂತೆ ನಿಂತ ಅಣುಗಳಿವೆ. ಬೆಂಜೀನ್‌ನಲ್ಲಿ ಇಂಥ ಒಂದೇ ಉಂಗುರ. ನ್ಯಾಫ್ತಲೀನ್‌ನಲ್ಲಿ ಎರಡು. ಹೌದು, ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯ ನ್ಯಾಫ್ತಲೀನ್ ಕೂಡ ಕೋಲ್‌ಟಾರಿನಿಂದ ತೆಗೆಯುವಂಥದೇ. ಬೆಂಜೋಪೈರೀನ್ ಎಂಬುದರಲ್ಲಿ ಐದು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇದು ಕ್ಯಾನ್ಸರ್ ತರಬಲ್ಲದು. ಎರಡು ಮೂರು ಉಂಗುರಗಳ ಅಣುಗಳನ್ನು ಬ್ಯಾಕ್ಟೀರಿಯಾಗಳು ಬೇಗ ಒಡೆಯುತ್ತವೆ. ನಾಲ್ಕು, ಐದು ಉಂಗುರಗಳವು ನೀರಿನಲ್ಲಿ ಕರಗುವುದೇ ಕಷ್ಟ, ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಅವನ್ನು ಒಡೆಯಲು ಬಹಳ ಕಾಲ ಹಿಡಿಯುತ್ತದೆ. ಅಂದರೆ ಸೂಕ್ಷ್ಮಜೀವಿಗಳು ಸುಲಭದ ತುತ್ತನ್ನು ತಿಂದು ಕಷ್ಟದ್ದನ್ನು ತಟ್ಟೆಯಲ್ಲೇ ಬಿಟ್ಟಿದ್ದವು. ಹಾಗೆಂದು ಅವುಗಳ ಕೆಲಸ ವ್ಯರ್ಥವಲ್ಲ. ಅಲ್ಲಿ ಹುಲ್ಲು ಬೆಳೆದದ್ದೇ ಅವುಗಳಿಂದ.

ಇನ್ನೊಂದು ಮಾತು. ಸೀಸದಂಥ ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸಲಾರದು. ಅದು ಮೂಲವಸ್ತು, ಒಡೆದು ಬೇರೆಯಾಗಲು ಅದರಲ್ಲಿ ಏನೂ ಇಲ್ಲ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಜಾಗದಲ್ಲಿ ನೀವು ಆಡಬಾರದು ಎನ್ನುವುದು ಇದಕ್ಕೇ.

ಮುಂದೆ ಸಿಯಾಟಲ್‌ನವರು ಉದ್ಯಾನದ ಮೇಲೆ ಶುದ್ಧ ಮಣ್ಣಿನ ಹೊಸ ಪದರ ಹಾಸಿದರು. ಕೆಳಗಿನ ಮಣ್ಣು ಕೈಗೆ, ಬಾಯಿಗೆ ತಾಗದಿದ್ದರೆ ಅಪಾಯ ಕಡಿಮೆ. ಅಂತರ್ಜಲಕ್ಕೆ ಸೇರಿದ್ದ ಬೆಂಜೀನ್‌ಗೆ ಬೇರೆ ಉಪಾಯ ಮಾಡಿದರು. ನೆಲದಾಳಕ್ಕೆ ಗಾಳಿ ಊದಿದಾಗ ಬೆಂಜೀನ್ ಆವಿಯಾಗಿ ಮೇಲೇಳುತ್ತದೆ. ಆ ಆವಿಯನ್ನು ಕೊಳವೆಗಳಲ್ಲಿ ಹೀರಿ ತೆಗೆದರು.

ಸರೋವರದ ತಳ ಮಾತ್ರ ಉಳಿದಿದೆ. ಅಲ್ಲಿನ ಕೆಸರಿನಲ್ಲಿಯೂ ಟಾರು ಸೇರಿದೆ. ಆದ್ದರಿಂದ ಉದ್ಯಾನದ ಹುಲ್ಲಿನ ಮೇಲೆ ಮಕ್ಕಳು ಗಾಳಿಪಟ ಹಾರಿಸಬಹುದು, ಆದರೆ ದಡದಿಂದ ನೀರಿಗೆ ಇಳಿಯುವಂತಿಲ್ಲ. ನೀರಿನ ಕೆಳಗಿನ ಕೆಸರನ್ನು ಉಳಲು ಆಗುವುದಿಲ್ಲ, ಗಾಳಿಯೂ ತಾಗುವುದಿಲ್ಲ. ಕೆಸರನ್ನು ಎತ್ತಿ ತೆಗೆಯುವುದೇ ಅಥವಾ ಅದರ ಮೇಲೆ ಮರಳು ಹೊದಿಸಿ ಮುಚ್ಚುವುದೇ? ಎತ್ತುವಾಗ ಟಾರು ಕದಡಿದರೆ ಮೀನುಗಳಿಗೆ ಏನಾಗಬಹುದು? ನಿಮ್ಮ ಎರಡನೆಯ ಕುಂಡವನ್ನು ಮುಂದಿಟ್ಟುಕೊಂಡು ತರಗತಿಯಲ್ಲಿ ಚರ್ಚಿಸಿ.