ಈ ಮಡಿಯಾಗ ಹ್ವಾದ ವರ್ಷ ಏನಿತ್ತು?

ಟೊಮ್ಯಾಟೊ ಗಿಡಗಳು ಮಧ್ಯಾಹ್ನಕ್ಕೆ ಬಾಡಿ ಸಂಜೆಗೆ ಮತ್ತೆ ತಲೆ ಎತ್ತುತ್ತಿದ್ದವು. ವಿಜಯಪುರದ ಬಿಸಿಲಿಗೆ ಇದು ಸಹಜ ಅಂದುಕೊಂಡು ನೀರು ಹೆಚ್ಚಿಸಿದೆ. ವಾರಗಳು ಕಳೆದರೂ ಗಿಡ ಮೊಣಕಾಲು ಮಟ್ಟ ದಾಟಲಿಲ್ಲ, ಎಲೆ ಹಳದಿಯಾಗುತ್ತ ಹೋಯಿತು. ಕೊನೆಗೆ ಸುತ್ತಲಿನ ಮಣ್ಣನ್ನು ಖುರಪಿಯಿಂದ ಸಡಿಲಿಸಿ ಒಂದು ಗಿಡ ಕಿತ್ತೆ. ಹಸಿಶುಂಠಿಯ ಚೂರುಗಳನ್ನು ದಾರಕ್ಕೆ ಪೋಣಿಸಿದಂತೆ ಬೇರಿನ ಉದ್ದಕ್ಕೂ ಗಂಟುಗಳಿದ್ದವು.

ಅದು 2020. ಮನೆ ಕಟ್ಟಿಸಿ ಉಳಿದ ಹಿತ್ತಲಲ್ಲಿ ನಾಲ್ಕು ಮಡಿ ಮಾಡಿದ್ದೆ. ಒಂದೊಂದೂ ನಾಲ್ಕು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಗೋಡೆ ಪಕ್ಕದ ಮಡಿಗೆ ಸಂಜೆಯ ನೆರಳು ಸಿಗುತ್ತದೆಂದು ಅಲ್ಲೇ ಮೊದಲು ಬದನೆ, ಆಮೇಲೆ ಮೆಣಸಿನಕಾಯಿ, ಆಮೇಲೆ ಟೊಮ್ಯಾಟೊ ಹಾಕಿದ್ದೆ. ಬೆಳೆ ಬದಲಿಸುತ್ತಲೇ ಇದ್ದೇನೆ ಎಂಬ ಸಮಾಧಾನ ನನ್ನದು. ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯದಲ್ಲಿ ಓದುತ್ತಿದ್ದ ಅಕ್ಕನ ಮಗ ಬೇರು ನೋಡಿದವನೇ, ಇದು ಗಂಟುಬೇರು ರೋಗ ಅಂದ. ಕಣ್ಣಿಗೆ ಕಾಣದ ಜಂತುಹುಳು ಬೇರಿನೊಳಗೆ ಸೇರಿ ಗಂಟು ಕಟ್ಟಿಸುತ್ತದೆ, ಗಿಡಕ್ಕೆ ನೀರು ಏರದಂತೆ ಮಾಡುತ್ತದೆ. ಬದನೆ, ಮೆಣಸಿನಕಾಯಿ, ಟೊಮ್ಯಾಟೊ ಮೂರೂ ಒಂದೇ ಕುಟುಂಬದ ಗಿಡಗಳು. ನಾನು ಮೂರು ಬೆಳೆಯುದ್ದಕ್ಕೂ ಅದೇ ಹುಳಕ್ಕೆ ಊಟ ಬಡಿಸಿದ್ದೆ.

ಸರಿ, ಕುಟುಂಬ ಬದಲಿಸಿದರಾಯಿತು ಎಂದು ಪುಸ್ತಕ ನೋಡಿ ನಕ್ಷೆ ಬರೆದೆ. 2021ರ ಮುಂಗಾರಿಗೆ ಅದೇ ಮಡಿಗೆ ಬೆಂಡಿ ಹಾಕಿದೆ. ಬೆಂಡಿ ಹತ್ತಿಯ ಬಳಗದ್ದು, ಬದನೆಗೂ ಅದಕ್ಕೂ ನಂಟಿಲ್ಲ. ಆದರೂ ಆಗಸ್ಟ್ ಹೊತ್ತಿಗೆ ಬೆಂಡಿಯ ಬೇರಲ್ಲೂ ಅವೇ ಗಂಟುಗಳು. ಬಬಲೇಶ್ವರದ ತವರಿನಿಂದ ಬಂದಿದ್ದ ಅವ್ವ ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದು, "ಈ ಮಡಿಯಾಗ ಹ್ವಾದ ವರ್ಷ ಏನಿತ್ತು?" ಅಂತ ಕೇಳಿದಳು. ಹೇಳಿದೆ. "ಗಿಡದ ಹೆಸರು ಬ್ಯಾರೆ ಆದ್ರ ಏನಾತು? ತಿನ್ನೂ ಹುಳ ಒಂದ ಅದ ಅಲ್ಲ" ಅಂದಳು.

ನಾನು ಕಲಿತ ಮುಖ್ಯ ಪಾಠ ಇದೇ. ಮಡಿಯಲ್ಲಿ ಮುಂದೆ ಏನು ಹಾಕಬೇಕೆಂದು ಯೋಚಿಸುವ ಮೊದಲು, ಹಿಂದಿನ ಬೆಳೆ ಮಣ್ಣಿನಲ್ಲಿ ಏನನ್ನು ಬಿಟ್ಟುಹೋಗಿದೆ ಎಂದು ಕೇಳಿಕೊಳ್ಳಬೇಕು. ಡೋಣಿ ಸಾಲಿನ ಎರೆಹೊಲದವರಿಗೆ ಇದು ಹೊಸ ಮಾತಲ್ಲ. ಹೋದ ಹಿಂಗಾರಿಗೆ ಕಡಲಿ ಇದ್ದಲ್ಲಿ ಈ ಹಿಂಗಾರಿಗೆ ಬಿಳಿಜೋಳ, ನಡುವೆ ಕುಸುಬಿಯ ಸಾಲು. ತೊಗರಿಗೆ ನೆಟೆರೋಗ ಬಿದ್ದ ಹೊಲಕ್ಕೆ ಮರುವರ್ಷ ತೊಗರಿ ಹಾಕದೆ ಜೋಳ ಬಿತ್ತುವುದು ನಮ್ಮಪ್ಪನ ರೂಢಿಯಾಗಿತ್ತು. ನೆಟೆರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕಿರುತ್ತದೆ, ಜೋಳದ ಬೇರಿನಲ್ಲಿ ಅದಕ್ಕೆ ನೆಲೆ ಸಿಗುವುದಿಲ್ಲ. ಹೊಲದಲ್ಲಿ ದಿನಾ ಕಂಡದ್ದನ್ನು ಪೇಟೆಯ ಹಿತ್ತಲಿಗೆ ತರಬೇಕೆಂದು ನನಗೆ ಹೊಳೆದಿರಲಿಲ್ಲ.

2022ರಲ್ಲಿ ನಕ್ಷೆಯನ್ನು ಹೊಸದಾಗಿ ಬರೆದೆ. ಈ ಸಲ ಗುಂಪು ಮಾಡಿದ್ದು ರೋಗ ನೋಡಿ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಜೊತೆಗೆ ಬೆಂಡಿ, ಹೀರಿ, ಸೌತಿಯನ್ನೂ ಒಂದೇ ಗುಂಪಿಗೆ ಸೇರಿಸಿದೆ, ಎಲ್ಲವಕ್ಕೂ ಆ ಹುಳ ಹತ್ತುತ್ತದೆ. ಎರಡನೆಯದು ಜೋಳ ಮತ್ತು ಉಳ್ಳಾಗಡ್ಡಿ, ಬಳ್ಳೊಳ್ಳಿ. ಮೂರನೆಯದು ಅವರಿ, ಅಲಸಂದಿ, ಚವಳಿಕಾಯಿಯಂಥ ಕಾಳಿನ ಗುಂಪು. ನಾಲ್ಕನೆಯದು ಮೆಂತ್ಯ, ರಾಜಗಿರಿ, ಸಬ್ಬಸಗಿ, ಕೊತ್ತಂಬರಿಯ ಸೊಪ್ಪು. ವರ್ಷಕ್ಕೊಂದು ಮಡಿಯಂತೆ ಗುಂಪುಗಳು ಸರಿಯುತ್ತವೆ. ಬದನೆ ತನ್ನ ಮೊದಲ ಜಾಗಕ್ಕೆ ಮರಳಲು ನಾಲ್ಕು ವರ್ಷ ಬೇಕು. ತಿಪ್ಪೆಗೊಬ್ಬರದ ದೊಡ್ಡ ಪಾಲು ಕಾಯಿಯ ಮಡಿಗೆ, ಉಳಿದವು ಅದರ ಸಾರದಲ್ಲೇ ಬೆಳೆಯುತ್ತವೆ.

ರೋಗದ ಮಡಿಯನ್ನು ಏಪ್ರಿಲ್, ಮೇ ತಿಂಗಳಲ್ಲಿ ನೀರುಣಿಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಆರು ವಾರ ಬಿಸಿಲಿಗೆ ಬಿಟ್ಟೆ. ನಮ್ಮ ಬೇಸಿಗೆ ಇಂಥ ಕೆಲಸಕ್ಕೆ ಬಲು ಒಳ್ಳೆಯದು. ಮುಂಗಾರಿಗೆ ಅಲ್ಲಿ ತುಂಬ ಚೆಂಡುಹೂ. ಅದರ ಬೇರಿನ ರಸ ಈ ಜಂತುಹುಳುವಿಗೆ ಆಗಿಬರುವುದಿಲ್ಲ. ಹೂವಿನ ಗಿಡಗಳನ್ನು ಅಲ್ಲೇ ಕಡಿದು ಮಣ್ಣಿಗೆ ಸೇರಿಸಿ, ಹಸ್ತಾ ಮಳೆಯ ಹೊತ್ತಿಗೆ ಬಿಳಿಜೋಳ ಬಿತ್ತಿದೆ. ಪೇಟೆಯ ಹಿತ್ತಲಲ್ಲಿ ಜೋಳ ಯಾಕೆಂದು ಪಕ್ಕದವರು ಕೇಳಿದರು. ಸಂಕ್ರಾಂತಿಯ ಸುಮಾರಿಗೆ ಹಾಲುತುಂಬಿದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿಯ ಜೊತೆ ಅವರಿಗೂ ಸೀತನಿ ಕೊಟ್ಟೆ.

ಕಾಳಿನ ಸರದಿಯಲ್ಲಿ ಇನ್ನೊಂದು ತಪ್ಪು ತಿದ್ದಿಕೊಂಡೆ. ಕಾಳು ಹಾಕಿದರೆ ಮುಂದಿನ ಬೆಳೆಗೆ ಗೊಬ್ಬರವೇ ಬೇಡ ಎಂದು ನಂಬಿದ್ದೆ. ಗಿಡ ಗಾಳಿಯಿಂದ ಹಿಡಿದ ಸಾರಜನಕದ ಬಹುಪಾಲು ಕಾಯಿಗೆ ಹೋಗುತ್ತದೆ, ಕಾಯಿ ನಮ್ಮ ಅಡುಗೆಮನೆಗೆ ಬರುತ್ತದೆ. ಗಿಡವನ್ನೂ ಬೇರು ಸಮೇತ ಕಿತ್ತು ಎಸೆದರೆ ಮಣ್ಣಿಗೆ ಉಳಿಯುವುದು ಅಷ್ಟಕ್ಕಷ್ಟೇ. ಈಗ ಬುಡ ಕತ್ತರಿಸಿ ಬೇರನ್ನು ಅಲ್ಲೇ ಬಿಡುತ್ತೇನೆ, ಎಲೆಯನ್ನು ಮಡಿಗೇ ಹೊದಿಸುತ್ತೇನೆ.

ಆದರೆ ಪ್ರತಿ ಸಾಲಿನಲ್ಲಿ ಒಂದು ಗಿಡವನ್ನು ಮಾತ್ರ ಬೇರುಸಮೇತ ಎತ್ತಿ ನೋಡುತ್ತೇನೆ. ಅಲಸಂದಿಗೂ ಗಂಟುಬೇರು ತಗಲುತ್ತದೆ, ಅದಕ್ಕೇ ಜೋಳವಾದ ಮೇಲೆಯೇ ಅದರ ಪಾಳಿ. ಒಳ್ಳೆಯ ಗಂಟು, ಕೆಟ್ಟ ಗಂಟು ಎರಡನ್ನೂ ಬೆರಳೇ ಹೇಳುತ್ತದೆ. ಸಾರಜನಕ ಹಿಡಿಯುವ ಗಂಟು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿರುತ್ತದೆ, ಉಗುರಿನಿಂದ ಮೀಟಿದರೆ ಬಿಡುತ್ತದೆ, ಸೀಳಿದರೆ ಒಳಗೆ ನಸುಗೆಂಪು. ಹುಳದ ಗಂಟು ಬೇರೇ ಊದಿಕೊಂಡದ್ದು, ಮೀಟಿದರೆ ಬಿಡುವುದಿಲ್ಲ. ಆ ಮಣಿಯೊಳಗಿನ ಬ್ಯಾಕ್ಟೀರಿಯಾವನ್ನು ಡಚ್ ವಿಜ್ಞಾನಿ ಬೈಜೆರಿಂಕ್ ಬೇರ್ಪಡಿಸಿದ್ದು 1888ರಲ್ಲಿ. ಅದಕ್ಕೂ ಬಹಳ ಮೊದಲೇ ನಮ್ಮ ಹಿರಿಯರು ಜೋಳದ ಜೊತೆ ಕಾಳು ಸೇರಿಸಿ ಬಿತ್ತುತ್ತಿದ್ದರು.

ತಿಕೋಟಾದಲ್ಲಿ ನಮ್ಮ ಬೀಗರದು ದ್ರಾಕ್ಷಿ ತೋಟ. ಅಲ್ಲಿ ಈ ವಿಷಯ ಮಾತಾಡುವಾಗ ಅವರು ಬಳ್ಳಿಯ ಬುಡದ ಕಸಿ ಗುರುತು ತೋರಿಸಿದರು. ಮೇಲಿರುವುದು ಒಣದ್ರಾಕ್ಷಿಯ ತಳಿ, ಕೆಳಗಿರುವುದು ಡಾಗ್‌ರಿಜ್ ಎಂಬ ಕಾಡುದ್ರಾಕ್ಷಿಯ ಬೇರು. ಸವಳು, ನೀರಿನ ಕೊರತೆಯನ್ನು ಅದು ತಡೆದುಕೊಳ್ಳುತ್ತದೆ. ಒಮ್ಮೆ ನೆಟ್ಟ ಬಳ್ಳಿ ಹತ್ತಾರು ವರ್ಷ ಅದೇ ಮಣ್ಣಿನಲ್ಲಿರಬೇಕು. ಜಾಗ ಬದಲಿಸಲು ಬರುವುದಿಲ್ಲ, ಹಾಗಾಗಿ ಬೇರು ಬದಲಿಸಿದ್ದಾರೆ. ತರಕಾರಿಗೆ ಜಾಗ ಬದಲಿಸುವ ಅನುಕೂಲವಿದೆ. ಅದನ್ನು ಬಳಸದೆ ಬಿಡುವುದು ಎಷ್ಟು ದೊಡ್ಡ ನಷ್ಟವೆಂದು ನನಗೆ ಆ ತೋಟದಲ್ಲಿ ನಿಂತಾಗ ಅರ್ಥವಾಯಿತು.

ಸಣ್ಣ ಹಿತ್ತಲಿನ ಮಿತಿಯನ್ನೂ ಹೇಳಬೇಕು. ಬದನೆಯ ಕಾಯಿಕೊರಕದ ಪತಂಗ ಹಾರಿ ಬರುತ್ತದೆ, ಅದನ್ನು ಮಡಿ ಬದಲಿಸಿ ತಡೆಯಲಾಗದು. ಮಡಿಯಿಂದ ಮಡಿಗೆ ಹರಿಯುವ ನೀರು, ಖುರಪಿಗೆ ಮೆತ್ತಿದ ಎರೆ, ಚಪ್ಪಲಿಯ ಮಣ್ಣು ಎಲ್ಲವೂ ಹುಳವನ್ನು ಹೊತ್ತೊಯ್ಯುತ್ತವೆ. ಅದಕ್ಕೆ ರೋಗದ ಮಡಿಯ ಕೆಲಸ ದಿನದ ಕೊನೆಗೆ ಇಟ್ಟುಕೊಳ್ಳಿ, ಖುರಪಿ ತೊಳೆದಿಡಿ. ಸಸಿ ಕೊಂಡು ತಂದರೆ ಒಂದರ ಬೇರು ತೊಳೆದು ನೋಡಿ. ಒಮ್ಮೆ ನಾನು ತಂದ ಟೊಮ್ಯಾಟೊ ಸಸಿಯಲ್ಲೇ ಗಂಟುಗಳಿದ್ದವು, ಅವತ್ತಿನಿಂದ ಸಸಿ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ವಹಿ ಇಡಿ. ಎರಡು ವರ್ಷದ ಹಿಂದೆ ಯಾವ ಮಡಿಯಲ್ಲಿ ಏನಿತ್ತೆಂದು ನೆನಪಿರುತ್ತದೆ ಅನಿಸುತ್ತದೆ, ಇರುವುದಿಲ್ಲ.

2025ರ ಮುಂಗಾರಿಗೆ ಗೋಡೆ ಪಕ್ಕದ ಮಡಿಗೆ ಟೊಮ್ಯಾಟೊ ಮರಳಿ ಬಂತು. ಕೊಯ್ಲು ಮುಗಿದ ಮೇಲೆ ಒಂದು ಗಿಡ ಕಿತ್ತು ಬೇರನ್ನು ಬಕೆಟ್ ನೀರಿನಲ್ಲಿ ತೊಳೆದೆ. ಗಂಟು ಇಲ್ಲವೇ ಇಲ್ಲ ಎನ್ನುವಂತಿರಲಿಲ್ಲ, ತುದಿಬೇರಿನಲ್ಲಿ ನಾಲ್ಕೈದು ಸಣ್ಣವು ಇದ್ದವು. ಉಳಿದ ಬೇರು ಬೆಳ್ಳಗೆ, ಕೂದಲಿನಂತೆ ಹರಡಿತ್ತು. ವಹಿ ತೆಗೆದು ಬರೆದೆ: ಒಂದನೇ ಮಡಿ, ಟೊಮ್ಯಾಟೊ, ಗಂಟು ಐದು, ಮುಂದೆ ಜೋಳ.